ದೋಣಿಯಲ್ಲೇ ಹೋಗಬೇಕಾದ ಕುದ್ರು (ಹೊಳೆ ನಡುವಿನ ದ್ವೀಪ) ಮನೆಯಲ್ಲಿ ಉಳಿದವರು ಇದ್ದೀರಾ? ಅನುಭವ ಹೇಳಿ

ಉಡುಪಿ ಬಿಟ್ಟವಳು:
ಡಿಸೆಂಬರ್ ರಜೆಯಲ್ಲಿ ಕೆಮ್ಮಣ್ಣು ಹತ್ತಿರ ಸ್ವರ್ಣಾ ನದಿಯ ಒಂದು ಕುದ್ರುವಿನಲ್ಲಿ ಎರಡು ರಾತ್ರಿ ಉಳಿಯುವ ಯೋಚನೆ ಇದೆ. ಹಳೇ ಹಂಚಿನ ಮನೆ. ದೋಣಿ ಬಿಟ್ಟರೆ ಬೇರೆ ದಾರಿ ಇಲ್ಲ. ಕರೆಂಟ್ ಇಲ್ಲ, ಸೋಲಾರ್ ದೀಪ ಮಾತ್ರ. ದಿನಕ್ಕೆ 3,500 ಕೇಳುತ್ತಿದ್ದಾರೆ. ಅಮ್ಮನಿಗೆ ಮಂಡಿನೋವು, ಮಗನಿಗೆ ನಾಲ್ಕು ವರ್ಷ. ದೋಣಿ ಹತ್ತಿ ಇಳಿಯುವುದು ಕಷ್ಟವಾ? ಕಮೋಡ್ ಇರುತ್ತದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಕಲ್ಯಾಣಪುರದವ:
3,500 ಅಂತ ನಮಗೂ ಹೇಳಿದ್ದರು. ಕೊನೆಗೆ ಎಷ್ಟಾಯಿತು ಕೇಳಿ. ದೋಣಿಗೆ ತಲೆಗೆ 100. ಹೋಗಲು ಬೇರೆ, ಬರಲು ಬೇರೆ. ನಾವು ಆರು ಜನ, ಅಲ್ಲಿಗೇ 1,200. ಭಾವ ಆಫೀಸು ಮುಗಿಸಿ ಕತ್ತಲಾದ ಮೇಲೆ ಬಂದರು ಅಂತ ಅವರೊಬ್ಬರಿಗೇ 500. ಕಾರು ನಿಲ್ಲಿಸಿದ ಹಿತ್ತಲಿಗೆ 150. ಊಟ ತಲೆಗೆ 250, ಆದರೆ ಮೀನು ಲೆಕ್ಕದಲ್ಲಿ ಇಲ್ಲ. ಕಾಣೆ ಫ್ರೈ ಒಂದಕ್ಕೆ 400! ದಡದಲ್ಲಿ 40 ರೂಪಾಯಿಯ ನೀರಿನ ಕ್ಯಾನ್ ಅಲ್ಲಿ 80.

ದುಡ್ಡು ಹೋಗಲಿ ಬಿಡಿ. ಹೊರಡುವ ದಿನ ಅಮಾವಾಸ್ಯೆ. ಬೆಳಗ್ಗೆ ನೋಡಿದರೆ ಹೊಳೆಯೇ ಅರ್ಧ ಖಾಲಿ. ದೋಣಿ ಕಡವಿಗೆ (ದೋಣಿ ಹತ್ತಿ ಇಳಿಯುವ ಜಾಗ) ಬರಲೇ ಇಲ್ಲ, ದೂರದಲ್ಲಿ ನಿಂತಿತು. ಬ್ಯಾಗು ತಲೆ ಮೇಲೆ ಹೊತ್ತು ಮೊಣಕಾಲುದ್ದ ಕೆಸರಲ್ಲಿ ನಡೆದೆವು. ಮಾವನವರ ಒಂದು ಚಪ್ಪಲಿ ಈಗಲೂ ಅಲ್ಲೇ ಹೂತಿರಬೇಕು. ಜೊತೆಗಿದ್ದ ನೆಂಟರ ಮುಂಬೈ ರೈಲು ತಪ್ಪಿತು. ಸ್ಲೀಪರ್ ಬಸ್ಸಿಗೆ ತಲೆಗೆ 1,700 ಕೊಟ್ಟು ಕಳಿಸಿದೆ. ಬಾಡಿಗೆಗೆ ಕೊಟ್ಟ ಮನೆಯವರು ಒಂದು ಮಾತು ಮೊದಲೇ ಹೇಳಬಾರದಿತ್ತಾ?

ಕುದ್ರು ಮನೆಯವ:
ಇಳಿತಕ್ಕೂ ಮನೆಯವರೇ ಹೊಣೆಯಾ ಮಾರಾಯ್ರೆ? ದಿನಕ್ಕೆ ಎರಡು ಸಲ ಭರತ (ನೀರು ಏರುವುದು), ಎರಡು ಸಲ ಇಳಿತ. ದಿನ ದಿನವೂ ಸುಮಾರು 50 ನಿಮಿಷ ತಡ. ಅಮಾವಾಸ್ಯೆ ಹುಣ್ಣಿಮೆಗೆ ಎರಡೂ ಜೋರು. ಕಲ್ಯಾಣಪುರದಲ್ಲಿ ಇದ್ದುಕೊಂಡು ಇದು ಗೊತ್ತಿಲ್ಲ ಅಂದರೆ ಏನು ಹೇಳುವುದು?

ನಾನೂ ಒಂದು ಮನೆ ಕಟ್ಟಿಸಿದ್ದೇನೆ, ಅಜ್ಜನ ಜಾಗದಲ್ಲಿ. ದಡದಲ್ಲಿ ಕೆಂಪುಕಲ್ಲಿಗೆ 48 ರೂಪಾಯಿ. ಕಡವಿನಲ್ಲಿ ಇಳಿಸಲು 4, ದೋಣಿಯಲ್ಲಿ ದಾಟಿಸಲು 9, ಆಚೆ ತಲೆಹೊರೆಗೆ 6. ಒಂದು ಕಲ್ಲು 67 ರೂಪಾಯಿ ಆಯಿತು! ಹೊಯ್ಗೆ (ಮರಳು) ತುಂಬಿದ ದೋಣಿ ಒಂದು ಮಗುಚಿತು. ಆ ಹೊಯ್ಗೆಗೂ ದುಡ್ಡು ಕೊಟ್ಟೆ, ದೋಣಿ ಎತ್ತಿಸಿದ್ದಕ್ಕೂ ಕೊಟ್ಟೆ. ಹಂಚು ಬಾರ್ಕೂರಿನಲ್ಲಿ ಕೆಡವಿದ ಮನೆಯದ್ದು, ಒಂದಕ್ಕೆ 12. ಬಾಗಿಲಿಗೆ ಕಬ್ಬಿಣದ ಕೀಲು ಹಾಕಿದ್ದೆವು. ಎರಡು ಮಳೆಗಾಲಕ್ಕೆ ಉಪ್ಪುಗಾಳಿ ಅದನ್ನು ತಿಂದು ಹಾಕಿತು. ಈಗ ಎಲ್ಲ ಹಿತ್ತಾಳೆ. ಮಳೆಗಾಲದಲ್ಲಿ ಯಾರೂ ಬರುವುದಿಲ್ಲ, ಆದರೂ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟಲೇಬೇಕು. ಕೂಲಿ ಯಾರು ಕೊಡುತ್ತಾರೆ? 3,500 ಜಾಸ್ತಿ ಅನ್ನುವವರು ಒಂದು ಮಳೆಗಾಲ ಇದ್ದು ನೋಡಲಿ.

ಲೆಕ್ಕದ ಇಂಜಿನಿಯರ್:
ಕೀಲಿನ ಕಥೆ ಚೆನ್ನಾಗಿದೆ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿ ತೆಗೆದುಕೊಂಡಿದ್ದೀರಾ? 2011ರ ನಿಯಮದಲ್ಲಿ ಭರತ ಬರುವ ಹೊಳೆಬದಿಗೆ 100 ಮೀಟರ್ ತನಕ ನಿರ್ಬಂಧ ಇತ್ತು, 2019ರದ್ದರಲ್ಲಿ 50 ಆಯಿತು. ಕಡಿಮೆಯಾಯಿತು ಅಂತ ಬೇಕಾದ ಹಾಗೆ ಕಟ್ಟಲಿಕ್ಕಿಲ್ಲ. ನನ್ನ ಜಾಗದ ಫೈಲು ಎಷ್ಟು ಮೇಜು ಸುತ್ತಿತು ಅಂತ ನನಗೆ ಗೊತ್ತು. ನಕ್ಷೆಗೆ, ಸರ್ವೆಗೆ, ಜೆರಾಕ್ಸಿಗೆ ಸೇರಿ 38,000 ಹೋಯಿತು. ಇನ್ನೂ ಒಂದು ಕಲ್ಲು ಇಟ್ಟಿಲ್ಲ.

ಕುದ್ರು ಮನೆಯವ:
ಹಳೇ ಮನೆಯ ಪಂಚಾಂಗದ (ತಳಪಾಯದ) ಮೇಲೆಯೇ ಎಬ್ಬಿಸಿದ್ದು. ಒಂದಡಿ ಆಚೆ ಹೋಗಿಲ್ಲ. ಇದ್ದ ಮನೆಯನ್ನು ಅದೇ ಅಳತೆಯಲ್ಲಿ ಮತ್ತೆ ಕಟ್ಟಲು ನಿಯಮದಲ್ಲೇ ಅವಕಾಶ ಉಂಟು. ನಿಮ್ಮ ಫೈಲು ಸುತ್ತಿದ್ದರೆ ನನ್ನ ಮೇಲೆ ಯಾಕೆ ಸಿಟ್ಟು?

ಕದ್ರಿ ಅಕ್ಕ:
ಸಸ್ಯಾಹಾರಿಗಳು ಪಾತ್ರೆ ವಿಷಯ ಮೊದಲೇ ಕೇಳಿಕೊಳ್ಳಿ. ನಮಗೆ ‘ಬೇರೆ ಪಾತ್ರೆ ಉಂಟು ಅಕ್ಕ’ ಅಂದಿದ್ದರು. ಹೋಗಿ ನೋಡಿದರೆ ಚಾ ಪಾತ್ರೆಯಲ್ಲೂ ಬಂಗುಡೆ ವಾಸನೆ. ಅಂಗಡಿಗೆ ಹೋಗೋಣ ಅಂದರೆ ದೋಣಿಯವ ಮಧ್ಯಾಹ್ನ ಮಲಗಿದ್ದ. ಅವಲಕ್ಕಿ, ಬಾಳೆಹಣ್ಣಿನಲ್ಲೇ ದಿನ ಕಳೆದೆವು. ಈಗ ಎಲ್ಲಿ ಹೋದರೂ ನನ್ನದೇ ಒಂದು ಕುಕ್ಕರ್ ಒಯ್ಯುತ್ತೇನೆ.

ಮಲ್ಪೆ ಬಂದರು:
ಹೊಳೆ ಮಧ್ಯ ಹೋಗಿ ಮೀನು ವಾಸನೆ ಅಂದರೆ ಹೇಗೆ ಅಕ್ಕ? ನಮಗೆ ಅಲ್ಲಿ ಮರುವಾಯಿ ಸುಕ್ಕ (ಚಿಪ್ಪುಮೀನಿನ ಒಣ ಪಲ್ಯ) ಕೊಟ್ಟಿದ್ದರು, ಕುಚ್ಚಲಕ್ಕಿ ಅನ್ನದ ಜೊತೆ. ಅಂಥ ಊಟ ಸಿಟಿಯಲ್ಲಿ ಸಿಗುವುದಿಲ್ಲ.

ಕದ್ರಿ ಅಕ್ಕ:
ಮೀನು ತಿನ್ನಬೇಡಿ ಅಂತ ನಾನು ಎಲ್ಲಿ ಹೇಳಿದೆ? ಬೇರೆ ಪಾತ್ರೆ ಕೊಡುತ್ತೇವೆ ಅಂದವರು ಕೊಡಬೇಕು, ಅಷ್ಟೇ. ದುಡ್ಡು ನಾವೂ ಕೊಟ್ಟಿದ್ದೇವೆ.

ವೀಕೆಂಡ್ ರೈಡರ್:
ಇಷ್ಟೆಲ್ಲ ತಲೆಬಿಸಿ ಯಾಕೆ? ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಟೆಂಟ್ ಹಾಕಿ. ಸೂಪರ್ ಜಾಗ.

ಮಲ್ಪೆ ಬಂದರು:
ತಿಳಿಯದೆ ಸುಮ್ನೆ ಹೇಳಬೇಡಿ. ಅಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ. ಆ ಕಂಬದ ಹಾಗಿನ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸಂಜೆ ಎಲ್ಲರನ್ನೂ ವಾಪಸ್ ಕರೆತರುತ್ತಾರೆ. ಮಳೆಗಾಲದಲ್ಲಂತೂ ಬೋಟೇ ಇಲ್ಲ. ನಿಮ್ಮಂಥವರ ಮಾತು ಕೇಳಿ ಚೀಲ ಹೊತ್ತು ಬಂದವರಿಗೆ ಜೆಟ್ಟಿಯಲ್ಲಿ ಬುದ್ಧಿ ಹೇಳುವ ಕೆಲಸ ನಮಗೆ.

ವೀಕೆಂಡ್ ರೈಡರ್:
ಸರಿ ಸರಿ, ಅಷ್ಟು ಯಾಕೆ ಹಾರಾಡ್ತೀರಿ? ಕೋಡಿ ಬೆಂಗ್ರೆ ಆಗಬಹುದಲ್ಲ?

ಮಲ್ಪೆ ಬಂದರು:
ಅಲ್ಲಿಗೆ ಹೂಡೆ ಊರಿನ ಮೂಲಕ ರಸ್ತೆಯೇ ಉಂಟು. ಅವರು ಕೇಳಿದ್ದು ದೋಣಿಯಲ್ಲಿ ಹೋಗುವ ಜಾಗ.

ಹೊಳೆಬದಿ ಹುಡುಗ:
ಕುದ್ರು ಮನೆಯವರು ಒಂದು ವಿಷಯ ಹೇಳಲಿಲ್ಲ. ಬಾವಿಗೆ ಪಂಪು ಇಟ್ಟಿದ್ದೀರಾ ಇಲ್ವಾ? ಕುದ್ರುವಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುತ್ತದೆ. ಕೊಡದಲ್ಲಿ ಸೇದಿದರೆ ತೊಂದರೆ ಇಲ್ಲ. ಪಂಪು ಹಾಕಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ನಮ್ಮ ಪಕ್ಕದ ಹಿತ್ತಲಿನಲ್ಲಿ ಇಂಥದ್ದೇ ಒಂದು ಬಾಡಿಗೆ ಮನೆ ಆಯಿತು. ಬಂದವರಿಗೆ ಶವರ್ ಬೇಕಂತೆ, ಶವರ್! ಮಾರ್ಚ್ ಬರುವಾಗ ನಮ್ಮ ಬಾವಿಯೂ ಉಪ್ಪಾಯಿತು. ಜೋರು ಮಳೆ ಬರುವ ತನಕ ಅಮ್ಮ ದೋಣಿಯಲ್ಲಿ ನೀರು ತಂದರು. ತೆಂಗಿನ ಸಸಿ ಸುಟ್ಟ ಹಾಗಾಯಿತು.

ಕುದ್ರು ಮನೆಯವ:
ಅರ್ಧ ಎಚ್‌ಪಿ ಪಂಪು, ಬೆಳಗ್ಗೆ ಸ್ವಲ್ಪ ಹೊತ್ತು ಮಾತ್ರ. ಸೋಲಾರಿನಲ್ಲಿ ಅದಕ್ಕಿಂತ ಜಾಸ್ತಿ ಓಡುವುದೂ ಇಲ್ಲ. ನಿಮ್ಮ ಬಾವಿ ಉಪ್ಪಾದರೆ ಎಲ್ಲರ ಪಂಪಿಗೂ ಬೈಯಬೇಡಿ. ಹೊಳೆಯ ಮೇಲ್ಗಡೆ ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟಿನ ಹಲಗೆ ಹಾಕುವುದು ತಡವಾದರೂ ಉಪ್ಪು ಏರುತ್ತದೆ.

ಹೊಳೆಬದಿ ಹುಡುಗ:
ಹಲಗೆ ಹಾಕಿದ ಮೇಲೂ ಕುದ್ರು ಅಣೆಕಟ್ಟಿನ ಕೆಳಗೇ ಇರುವುದಲ್ವಾ? ಯಾರಿಗೆ ಹೇಳ್ತೀರಿ?

ಉಡುಪಿ ಬಿಟ್ಟವಳು:
ಎಲ್ಲರಿಗೂ ಥ್ಯಾಂಕ್ಸ್. ಆದರೆ ಅಮ್ಮನ ಮಂಡಿ ವಿಷಯ ಯಾರೂ ಹೇಳಲಿಲ್ಲ. ಕಮೋಡ್?

ಹೊಳೆಬದಿ ಹುಡುಗ:
ಅಕ್ಕ, ಕೆಲವು ಕಡೆ ಉಂಟು, ಕೆಲವು ಕಡೆ ಇಲ್ಲ. ಬಾಯಿಮಾತು ನಂಬಬೇಡಿ, ಫೋಟೋ ತರಿಸಿಕೊಳ್ಳಿ. ಫ್ಲಶ್ ಇದ್ದರೂ ಬಾಲ್ದಿ ನೀರೇ ಹಾಕಬೇಕಾಗಬಹುದು. ಹೋಗುವುದೂ ಬರುವುದೂ ಭರತದ ಹೊತ್ತಿಗೇ ಇಟ್ಟುಕೊಳ್ಳಿ. ಆಗ ದೋಣಿ ಕಟ್ಟೆಯ ಮಟ್ಟಕ್ಕೆ ಬರುತ್ತದೆ, ಒಂದೇ ಹೆಜ್ಜೆ. ಮಗನಿಗೆ ಅವನ ಅಳತೆಯ ಲೈಫ್ ಜಾಕೆಟ್ ನೀವೇ ತನ್ನಿ, ಅಲ್ಲಿ ದೊಡ್ಡವರದ್ದೇ ಇರುತ್ತದೆ. ಅಮ್ಮನಿಗೆ ಕೆಳಗೆ ಕೂರಲು ಆಗದಿದ್ದರೆ ಪ್ಲಾಸ್ಟಿಕ್ ಕುರ್ಚಿ ಇಟ್ಟು ಕೂರಿಸಿ. ನಮ್ಮ ಅಜ್ಜಿಯನ್ನು ಆಸ್ಪತ್ರೆಗೆ ಹಾಗೇ ದಾಟಿಸುವುದು.

ಕುದ್ರು ಮನೆಯವ:
ದೋಣಿಯಲ್ಲಿ ಕುರ್ಚಿ ಇಡಬೇಡಿ! ಭಾರ ಮೇಲೆ ಹೋದರೆ ದೋಣಿ ಓಲಾಡುತ್ತದೆ. ಅಡ್ಡ ಹಲಗೆಯ ಮೇಲೆ ಕೂರಿಸಿ.

ಹೊಳೆಬದಿ ಹುಡುಗ:
ಹೊಯ್ಗೆ ದೋಣಿ ಮಗುಚಿಸಿದವರು ನಮಗೆ ಭಾರದ ಪಾಠ ಹೇಳುವುದಾ?

ಕುದ್ರು ಮನೆಯವ:
ಅದು ಮಗುಚಿದ್ದು ದೋಣಿಯವನಿಂದ. ನಿಮ್ಮ ದೋಣಿ ಅಗಲ ಎಷ್ಟು, ಅದು ಹೇಳಿ ಮೊದಲು.