ಎಡ–ಬಲ ಅಣುಗಳು: ಔಷಧ ವಿಶ್ಲೇಷಕಿ ಮೇಡಂಗೆ ಕೇಳಿ

ಅಡ್ಮಿನ್: ಇವತ್ತಿನ ವಿಷಯ ಕನ್ನಡಿ ಬಿಂಬದಂಥ ಅಣುಗಳು, ಒಂದು ಬಗೆ ಇದ್ದದ್ದು ಎರಡೂ ಬೆರೆತ ರೆಸಿಮಿಕ್ ಆಗೋದು. ಫಾರ್ವರ್ಡ್ ಹಾಕಬೇಡಿ.

ಮೆಡಿಕಲ್ ಶಾಪ್, ತಿಪಟೂರು: ಅಲರ್ಜಿ ಮಾತ್ರೆ ಸೆಟಿರಿಜಿನ್ 10 ಮಿ.ಗ್ರಾಂ, ಲಿವೊಸೆಟಿರಿಜಿನ್ ಮಾತ್ರ 5. ಯಾಕೆ ಮೇಡಂ?

ಮೇಡಂ: ಸೆಟಿರಿಜಿನ್‌ನಲ್ಲಿ ಎರಡೂ ಬಗೆ ಅರ್ಧರ್ಧ. ಈ ಬಗೆಗಳಿಗೆ ಆರ್, ಎಸ್ ಅಂತ ಹೆಸರು (ಕೆಲವಕ್ಕೆ ಎಲ್, ಡಿ). ಕೆಲಸ ಮಾಡೋದು ಮುಖ್ಯವಾಗಿ ಆರ್ ಬಗೆ. ಲಿವೊ ಅಂದ್ರೆ ಅದೊಂದೇ, ಹಾಗಾಗಿ 5 ಸಾಕು.

ಸ್ಟಾಫ್ ನರ್ಸ್, ರಾಯಚೂರು: ಮೇಡಂ, ನಮ್ಮ ಪಿಎಚ್‌ಸಿ ಎಮರ್ಜೆನ್ಸಿ ಟ್ರೇದಾಗ ಅಡ್ರಿನಲಿನ್ ಆಂಪೂಲ್ ಬ್ಯಾಸಗಿ ಪೂರ್ತಿ ಹೊರಗೇ ಇದ್ದವು. ಡೇಟ್ ಇನ್ನಾ ಅದ, ನೀರಿನಂಗ ತಿಳಿ ಅವ. ನಡೀತಾವೇನ್ರಿ?

ಮೇಡಂ: ತಿಳಿ ಇದೆ ಅಂತ ನಂಬಬೇಡಿ. ಗಾಳಿ, ಬೆಳಕಿಗೆ ಆಕ್ಸಿಡೈಸ್ ಆದ್ರೆ ಗುಲಾಬಿ, ಆಮೇಲೆ ಕಂದು. ಅದೊಂದೇ ಕಣ್ಣಿಗೆ ಕಾಣೋದು. ಅದನ್ನ ತಡೆಯೋಕೆ ಹಾಕಿರೋ ಮೆಟಾಬೈಸಲ್ಫೈಟ್ ನಿಧಾನಕ್ಕೆ ಅಡ್ರಿನಲಿನ್‌ಗೇ ಸೇರಿ ಸಲ್ಫೋನೇಟ್ ಆಗುತ್ತೆ. ಬಣ್ಣ ಇಲ್ಲ, ಕೆಲಸವೂ ಇಲ್ಲ.

ಇನ್ನು ರೆಸಿಮೀಕರಣ. ದ್ರಾವಣ ಆಮ್ಲೀಯ. ರಿಂಗ್ ಪಕ್ಕದ ಕಾರ್ಬನ್ ಮೇಲಿನ ಓಎಚ್‌ಗೆ ಪ್ರೋಟಾನ್ ಸೇರಿ ನೀರಾಗಿ ಕಳಚುತ್ತೆ. ಆ ಕಾರ್ಬನ್ ಚಪ್ಪಟೆಯಾಗಿ, ನೀರು ಯಾವ ಕಡೆಯಿಂದ ಬೇಕಾದ್ರೂ ವಾಪಸ್ ಬಂದು ಕೂರಬಹುದು. ಹೀಗೆ ಎಲ್ ಬಗೆ ಡಿ ಆಗುತ್ತೆ. ಡಿ ಬಗೆಯ ಬಲ ಎಲ್‌ನ ಸುಮಾರು 15ನೇ ಒಂದು ಪಾಲು. ಪೂರ್ತಿ ರೆಸಿಮಿಕ್ ಆದ್ರೆ ಆಂಪೂಲ್ ಬಲ ಹೆಚ್ಚುಕಮ್ಮಿ ಅರ್ಧ. ಬಿಸಿ ಏರಿದಷ್ಟೂ, ಪಿಎಚ್ ಇಳಿದು ಆಮ್ಲತೆ ಹೆಚ್ಚಿದಷ್ಟೂ ಇದು ಜೋರು. ಪಿಎಚ್ ಏರಿಸಿದ್ರೆ ಆಕ್ಸಿಡೇಶನ್ ಜೋರು. ಅದಕ್ಕೇ ಎರಡರ ನಡುವೆ ನಿಲ್ಲಿಸಿರ್ತಾರೆ. ಲ್ಯಾಬಲ್ಲಿ ಅಣುಗಳನ್ನ ಬೇರ್ಪಡಿಸೋ ಮಾಮೂಲಿ ಸಿ18 ಕಾಲಂನಲ್ಲಿ ಎರಡೂ ಒಂದೇ ಪೀಕ್, ಔಷಧ ಎಷ್ಟಿದೆ ಅಂತ ಅಳೆಯೋ ಅಸ್ಸೇ ಪಾಸಾಗಿಬಿಡುತ್ತೆ. ಹಿಡಿಯೋಕೆ ಎಡ–ಬಲ ಬೇರ್ಪಡಿಸೋ ಕೈರಲ್ ಕಾಲಂ ಬೇಕು.

ಈಗ ಮಾಡೋದು: ಹೊರಗಿದ್ದವನ್ನ ಬದಲಾಯಿಸಿ. ಹೊಸವು ಪೆಟ್ಟಿಗೆಯಲ್ಲೇ, 25 ಡಿಗ್ರಿ ಒಳಗೆ. ಟ್ರೇಗೆ ಎರಡು ಮೂರು ಸಾಕು. ಅಷ್ಟರಲ್ಲಿ ಅನಾಫಿಲ್ಯಾಕ್ಸಿಸ್ (ಜೀವಕ್ಕೇ ಕುತ್ತಾಗೋ ಅಲರ್ಜಿ) ಬಂದ್ರೆ, ಬೇರೆ ಇಲ್ದಿದ್ರೆ, ಹೊರಗಿದ್ದ ಈ ಹಳೆಯದನ್ನೇ ಕೊಡಿ. ವಯಸ್ಕರಿಗೆ 1 ಮಿ.ಗ್ರಾಂ/ಮಿ.ಲೀ. ಆಂಪೂಲ್‌ನಿಂದ 0.5 ಮಿ.ಲೀ., ತೊಡೆಯ ಹೊರಬದಿ ಮಾಂಸಕ್ಕೆ. 5 ನಿಮಿಷಕ್ಕೂ ಸುಧಾರಿಸದಿದ್ರೆ ಇನ್ನೊಂದು. ಬಲ ಕಮ್ಮಿ ಇರಬಹುದು ಅಂತ ಅಂದಾಜಿನ ಮೇಲೆ ಡೋಸ್ ಏರಿಸಬೇಡಿ.

ಬಿ.ಫಾರ್ಮ ವಿದ್ಯಾರ್ಥಿ: ಗರ್ಭಿಣಿಯರು ನುಂಗಿ, ಮಕ್ಕಳು ಕೈಕಾಲು ಊನವಾಗಿ ಹುಟ್ಟಿ, 1961ರಲ್ಲಿ ಹಿಂತೆಗೆದ ಥಾಲಿಡೊಮೈಡ್ ಇದೆಯಲ್ಲ, ಊನ ತರೋದು ಎಸ್ ಬಗೆ ಅಂತೆ, ಆರ್ ಬಗೆ ಮಾತ್ರ ಕೊಟ್ಟಿದ್ರೆ ಏನೂ ಆಗ್ತಿರ್ಲಿಲ್ಲ ಅಲ್ವಾ?

ಕ್ಯೂಸಿ (ಔಷಧ ಗುಣಮಟ್ಟ ಪರೀಕ್ಷೆ), ಜಿಗಣಿ: ತಪ್ಪು. ಎಡ–ಬಲ ನಿರ್ಧರಿಸೋ ಕಾರ್ಬನ್‌ನ ಹೈಡ್ರೋಜನ್ ಕಾರ್ಬೊನಿಲ್ (ಕಾರ್ಬನ್–ಆಕ್ಸಿಜನ್ ಜೋಡಿ) ಪಕ್ಕದ್ದು, ರಕ್ತದ ಪಿಎಚ್‌ಗೇ ಕಳಚುತ್ತೆ. ಶುದ್ಧ ಆರ್ ನುಂಗಿದ್ರೂ ಕೆಲವೇ ಗಂಟೇಲಿ ಎಸ್ ತಯಾರು.

ವಿದ್ಯಾರ್ಥಿ: ನೋವಿನ ಮಾತ್ರೆ ಐಬುಪ್ರೊಫೆನ್ ಥರ ಅನ್ನಿ.

ಕ್ಯೂಸಿ, ಜಿಗಣಿ: ಅಲ್ಲ ರೀ. ಅಲ್ಲಿ ಎಂಜೈಮ್ ಕೆಲಸ. ಆರ್ ಹೋಗಿ ಎಸ್ ಆಗುತ್ತೆ, ಎಸ್ ವಾಪಸ್ ಆರ್ ಆಗಲ್ಲ.

ವಿದ್ಯಾರ್ಥಿ: ನೋಟ್ಸಲ್ಲಿ ಇರೋದನ್ನ ಬಿಟ್ಟು ಇದನ್ನ ಬರೆದ್ರೆ ಮಾರ್ಕ್ಸ್ ನೀವು ಕೊಡ್ತೀರಾ?

ಕ್ಯೂಸಿ, ಜಿಗಣಿ: ಮಾರ್ಕ್ಸ್ ಮಾತ್ರ ಬೇಕಿದ್ರೆ ಇಲ್ಲಿಗ್ಯಾಕೆ ಬಂದ್ರಿ?

ಮೇಡಂ: ಜಿಗಣಿಯವರು ಹೇಳಿದ್ದು ಸರಿ, ಹೇಳಿದ ರೀತಿ ಸರಿಯಿಲ್ಲ. ಮೈಲೋಮಾಗೆ (ಮೂಳೆಮಜ್ಜೆಯ ಕ್ಯಾನ್ಸರ್), ಕುಷ್ಠದ ರಿಯಾಕ್ಷನ್‌ಗೆ ಇವತ್ತಿಗೂ ರೆಸಿಮಿಕ್ಕೇ ಕೊಡೋದು, ಗರ್ಭ ನಿಲ್ಲದ ಹಾಗೆ ಕಟ್ಟೆಚ್ಚರ ಇಟ್ಟುಕೊಂಡು.

ಸದಸ್ಯ, ಹಾಸನ: ಸಾರು ಕುದಿಸಿದ್ರೆ ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ ರೆಸಿಮಿಕ್ ಆಗುತ್ತಾ ಮೇಡಂ?

ಸದಸ್ಯ, ಮೈಸೂರು: ಬಂದಿದ್ದು ಹಾಕ್ತಿದೀನಿ: “ಉಮ್ಮತ್ತಿ ಬೀಜ ಸೋಡಾ ಹಾಕಿ ಕುದಿಸಿದರೆ ವಿಷ ಹೋಗಿ ಅಟ್ರೋಪಿನ್ ಆಗುತ್ತದೆ, ದಮ್ಮಿಗೆ ರಾಮಬಾಣ.”

ಮೇಡಂ: ಡಿಲೀಟ್ ಮಾಡಿ. ಕ್ಷಾರಕ್ಕೆ ಉಮ್ಮತ್ತಿಯ ವಿಷ ಹಯೋಸಯಮೈನ್ ರೆಸಿಮಿಕ್ ಆಗಿ ಅಟ್ರೋಪಿನ್ ಆಗೋದು ನಿಜ. ಅಟ್ರೋಪಿನ್ನೂ ವಿಷವೇ! ಸ್ಕೊಪೊಲಮೈನ್ ಅನ್ನೋ ಇನ್ನೊಂದು ವಿಷ ಬೇರೆ ಇರುತ್ತೆ, ಗಿಡದಿಂದ ಗಿಡಕ್ಕೆ ಪ್ರಮಾಣ ಬೇರೆ. ಯಾರಾದ್ರೂ ಕುಡಿದು ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಏನೇನೋ ಬಡಬಡಿಸ್ತಿದ್ರೆ ಮನೇಲಿ ವಾಂತಿ ಮಾಡಿಸ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಸದಸ್ಯ, ಮೈಸೂರು: ನಮ್ಮ ಹಿರಿಯರೇನು ದಡ್ಡರಾ?

ಕ್ಯೂಸಿ, ಜಿಗಣಿ: ಹಿರಿಯರು ವಾಟ್ಸಾಪ್‌ನಲ್ಲಿ ಕಳಿಸಿದ್ರಾ?

ಮೆಡಿಕಲ್ ಶಾಪ್, ಗದಗ: ಸೆಟಿರಿಜಿನ್ 10ರ ಬದಲು ಲಿವೊ 10 ಕೊಡಬಹುದೇನ್ರಿ?

ಮೇಡಂ: ಇಲ್ಲ. ಮೇಲೆ ಓದಿ.

ಸ್ಟಾಫ್ ನರ್ಸ್, ರಾಯಚೂರು: ಮೇಡಂ, ರೂಮಿನಾಗ 25 ಡಿಗ್ರಿ ಅಂದ್ರ ಕನಸ ರೀ. ಲಸಿಕೆ ಇಡೋ ಫ್ರಿಜ್ಜು, ಐಎಲ್‌ಆರ್‌ನಾಗ ಇಡ್ಲೇನ್ರಿ?

ಮೇಡಂ: ಐಎಲ್‌ಆರ್ ಲಸಿಕೆಗೆ ಮಾತ್ರ, ಬೇರೆ ಔಷಧ ಇಡೋ ಹಾಗಿಲ್ಲ. ನಿಮ್ಮ ಫಾರ್ಮಸಿ ಸ್ಟೋರ್‌ನಲ್ಲಿ ತಂಪಾದ ಕಪಾಟು ಹುಡುಕಿ, ಒಂದು ಥರ್ಮಾಮೀಟರ್ ನೇತುಹಾಕಿ, ಮಧ್ಯಾಹ್ನ 3ಕ್ಕೆ ಬರೆದಿಡಿ. ಅಂಕಿ ತೋರಿಸಿ ವೈದ್ಯಾಧಿಕಾರಿಗಳ ಹತ್ರ ಬೇರೆ ಫ್ರಿಜ್ ಕೇಳಿ. ಫ್ರೀಜರ್‌ಗೆ ಹಾಕಬೇಡಿ.

ಸದಸ್ಯ, ಹಾಸನ: ಹುಣಸೆಹಣ್ಣು ಮೇಡಂ?