ಸಹಾಯ ಬೇಕು: ರಾಣೇಬೆನ್ನೂರು ಕಡೆಯ ರೈತರು, ಕುರಿಗಾರರ ಪರಿಚಯ ಇದೆಯೇ?

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಸಮಾಜಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ರಾಣೇಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ಸುತ್ತಲಿನ ಹಳ್ಳಿಗಳ ಮೇಲೆ ನನ್ನ ಪ್ರಾಜೆಕ್ಟ್.

1974ರಲ್ಲಿ ಆದ ಈ ಅಭಯಾರಣ್ಯ ಸುಮಾರು 119 ಚದರ ಕಿಲೋಮೀಟರ್ ಇದೆ. ಕೃಷ್ಣಮೃಗಕ್ಕೆ ಬೇಕಾದದ್ದು ಬಯಲು, ಹುಲ್ಲು. ಒಳಗೆ ನೋಡಿದರೆ ನೀಲಗಿರಿ ತೋಪು ಜಾಸ್ತಿ. ಹಿಂಡು ಹೊಲಕ್ಕೆ ಇಳಿಯುತ್ತದೆ, ಎಳೆ ಗೋವಿನಜೋಳ ಮೇಯುತ್ತದೆ. ರಾತ್ರಿ ನಿದ್ದೆಗೆಟ್ಟು ಹೊಲ ಕಾಯುವ ಕಷ್ಟ ಸಣ್ಣದಲ್ಲ. ಆದರೂ ಈ ಪ್ರಾಣಿ ಇಲ್ಲಿ ಉಳಿದಿರುವುದಕ್ಕೆ ರೈತರ ಸೈರಣೆಯೂ ಕಾರಣ ಅಲ್ವಾ? ಹಾಗಿದ್ದರೆ ಎಲ್ಲಿ ಮೇಯಿಸಬೇಕು, ಯಾವ ಗಿಡ ನೆಡಬೇಕು ಎಂದು ತೀರ್ಮಾನಿಸುವಾಗ ಅವರ ಮಾತು ಎಷ್ಟು ನಡೆಯುತ್ತದೆ? ನನಗೆ ತಿಳಿಯಬೇಕಿರುವುದು ಇದೇ.

ಗ್ರಾಮ ಅರಣ್ಯ ಸಮಿತಿಯಲ್ಲಿ ಇದ್ದವರು, ಬೆಳೆಹಾನಿ ಪರಿಹಾರಕ್ಕೆ ಅರ್ಜಿ ಹಾಕಿದವರು, ಕುರಿ ಕಾಯುವ ಹಿರಿಯರು ಯಾರಾದರೂ ಗೊತ್ತಿದ್ದರೆ, ದಯವಿಟ್ಟು ಮೊದಲು ಅವರನ್ನು ಕೇಳಿ, ಒಪ್ಪಿದರೆ ನನಗೆ ಮೆಸೇಜ್ ಮಾಡಿ. ಹೆಣ್ಣುಮಕ್ಕಳ ಜೊತೆ ಮಾತಾಡಲೇಬೇಕು. ಕಳೆ ತೆಗೆಯುವವರು, ಹಾನಿಯನ್ನು ಮೊದಲು ನೋಡುವವರು ಅವರೇ.

ಬಿತ್ತನೆ, ಸುಗ್ಗಿ ಹೊತ್ತಲ್ಲಿ ತೊಂದರೆ ಕೊಡುವುದಿಲ್ಲ. ಅವರು ಹೇಳಿದ ಹೊತ್ತಿಗೆ ಹೊಲಕ್ಕೇ ಬರುತ್ತೇನೆ. ಯಾರ ಹೆಸರನ್ನೂ ಬರೆಯುವುದಿಲ್ಲ. ಬರೆದದ್ದನ್ನು ಅವರಿಗೇ ಕನ್ನಡದಲ್ಲಿ ಓದಿ ಹೇಳಿ, ಬೇಡ ಎಂದದ್ದನ್ನು ತೆಗೆಯುತ್ತೇನೆ.