ಪದಚರ್ಚೆ: ಪೇಸ್‌ಮೇಕರ್‌ನ ‘ಕನೆಕ್ಟರ್’ಗೆ ‘ಕೊಂಡಿ’ ಎನ್ನಬಹುದೇ?

ಮಾನ್ಯರೇ,

ಹಾಸನದಲ್ಲಿ ವೈದ್ಯರಾಗಿರುವ ನನ್ನ ಸ್ನೇಹಿತರೊಬ್ಬರು, ಎದೆಯಲ್ಲಿ ಪೇಸ್‌ಮೇಕರನ್ನೋ (ಹೃದಯದ ಲಯ ತೀರ ತಪ್ಪಿದಾಗ ವಿದ್ಯುತ್ ಹೊಡೆತ ಕೊಟ್ಟು ಸರಿಪಡಿಸುವ) ಡಿಫಿಬ್ರಿಲೇಟರನ್ನೋ ಇರಿಸಿಕೊಂಡು ಮೈಸೂರು, ಬೆಂಗಳೂರುಗಳ ಆಸ್ಪತ್ರೆಗಳಿಂದ ಊರಿಗೆ ಮರಳುವವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದಾರೆ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳಿ ನಿವೃತ್ತನಾದವನು, ಸಾಲದ್ದಕ್ಕೆ ಪದಗಳ ಹುಚ್ಚಿನವನು ಎಂಬ ಕಾರಣಕ್ಕೆ ಅದರ ಭಾಷೆಯನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಉಳಿದ ಪದಗಳು ಹೇಗೋ ದಡ ಮುಟ್ಟಿದವು. ‘ಕನೆಕ್ಟರ್’ ಮಾತ್ರ ನಡುನೀರಿನಲ್ಲಿ ನಿಂತಿದೆ.

ನಾನು ಮೊದಲು ಅದನ್ನು ‘ಕೊಂಡಿ’ ಎಂದು ಬರೆದು, ‘ಕೊಂಡಿ ಕಳಚಿದರೆ ತಲೆಸುತ್ತು ಬರಬಹುದು, ಕೂಡಲೇ ವೈದ್ಯರನ್ನು ಕಾಣಿರಿ’ ಎಂಬ ವಾಕ್ಯವನ್ನು ಯಾವ ಅಳುಕೂ ಇಲ್ಲದೆ ಅಂತಿಮಗೊಳಿಸಿದ್ದೆ. ಕರಡನ್ನು ಓದಿದ ನಮ್ಮ ಮನೆಯವರು, ‘ಕೊಂಡಿ ಕಳಚಿದ ಮೇಲೆ ವೈದ್ಯರನ್ನು ಕಾಣುವುದೆಲ್ಲಿ ಬಂತು, ಪೇಪರಿನಲ್ಲಿ ಫೋಟೋ ಬರುವುದಷ್ಟೇ ಬಾಕಿ’ ಎಂದರು. ಮಾತು ನಿಜ. ಹಿರಿಯರೊಬ್ಬರು ತೀರಿಕೊಂಡರೆ ನಮ್ಮ ಪತ್ರಿಕೆಗಳು ‘ಹಳೆಯ ತಲೆಮಾರಿನ ಕೊಂಡಿ ಕಳಚಿತು’ ಎಂದು ಎಷ್ಟು ವರ್ಷಗಳಿಂದ ಬರೆಯುತ್ತ ಬಂದಿವೆಯೆಂದರೆ, ಆ ಎರಡು ಪದಗಳು ಒಟ್ಟಿಗೆ ನಿಂತ ಕೂಡಲೇ ಓದುಗನ ಮನಸ್ಸು ಸಾವಿನ ಕಡೆಗೇ ಹೊರಳುತ್ತದೆ. ಹೃದಯದ ಕಾಯಿಲೆಯವರ ಕೈಗೆ ಕೊಡುವ ಪುಸ್ತಕದಲ್ಲಿ ಇದಕ್ಕಿಂತ ಕೆಟ್ಟ ನುಡಿಗಟ್ಟನ್ನು ಹುಡುಕಿದರೂ ಸಿಕ್ಕುವುದು ಕಷ್ಟ. ಹೀಗಾಗಿ ನಿಮ್ಮೆಲ್ಲರ ಅಭಿಪ್ರಾಯ ಕೇಳುತ್ತಿದ್ದೇನೆ.

ಪದಕ್ಕೆ ಮೊದಲು ವಸ್ತು ಏನೆಂದು ಹೇಳುವುದು ಒಳ್ಳೆಯದು. ಪೇಸ್‌ಮೇಕರ್ ಎಂದರೆ ಹೃದಯದ ಬಡಿತ ನಿಧಾನವಾದಾಗ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಅದನ್ನು ನಡೆಸುವ, ಕೊರಳೆಲುಬಿನ ಕೆಳಗೆ, ಚರ್ಮದ ಅಡಿಯಲ್ಲಿ ಮಾಡಿದ ಒಂದು ಜೇಬಿನೊಳಗೆ ಕೂರುವ ಟೈಟಾನಿಯಂ ಪೆಟ್ಟಿಗೆ. ಅದರೊಳಗೆ ಬ್ಯಾಟರಿಯೂ ವಿದ್ಯುನ್ಮಂಡಲವೂ (ಸರ್ಕಿಟ್) ಇರುತ್ತವೆ. ಪೆಟ್ಟಿಗೆಯಿಂದ ಹೊರಟ ಸುಮಾರು ಅರ್ಧ ಮೀಟರ್ ಉದ್ದದ ತಂತಿ ರಕ್ತನಾಳದ ಮೂಲಕ ಸಾಗಿ ಹೃದಯದ ಒಳಗೋಡೆಯನ್ನು ಮುಟ್ಟುತ್ತದೆ. ತಂತಿಯ ಈಚೆಯ ತುದಿಯಲ್ಲಿರುವ ಲೋಹದ ಕಡ್ಡಿ, ಪೆಟ್ಟಿಗೆಯ ನೆತ್ತಿಯ ಮೇಲೆ ಎರಕ ಹೊಯ್ದ ಪಾರದರ್ಶಕ ರಾಳದ ಭಾಗದಲ್ಲಿರುವ ತೂತಿಗೆ ಹೋಗಿ ಕೂರುತ್ತದೆ. ಅದು ಜಾರದಂತೆ ಪಕ್ಕದಿಂದ ಒಂದು ಪುಟ್ಟ ಸ್ಕ್ರೂ ಬಿಗಿಯುತ್ತಾರೆ. ಈ ಕಡ್ಡಿ, ತೂತು, ಸ್ಕ್ರೂ, ಜೊತೆಗೆ ನೀರು ಒಳಗಿಳಿಯದಂತೆ ತಡೆಯುವ ಸಿಲಿಕೋನ್ ಬಳೆಗಳು, ಇವೆಲ್ಲ ಸೇರಿ ಆಗುವ ಏರ್ಪಾಡೇ ಕನೆಕ್ಟರ್.

ಇದು ಏಕೆ ಬೇಕು, ಕಾರ್ಖಾನೆಯಲ್ಲೇ ತಂತಿಯನ್ನು ಪೆಟ್ಟಿಗೆಗೆ ಬೆಸೆದುಬಿಡಬಾರದೇ ಎಂದು ಯಾರಾದರೂ ಕೇಳಬಹುದು. ಬ್ಯಾಟರಿ ಎಂಟು ಹತ್ತು ವರ್ಷಗಳಲ್ಲಿ ಮುಗಿಯುತ್ತದೆ. ಮುಗಿದಾಗ ಬ್ಯಾಟರಿಯನ್ನಷ್ಟೇ ಬದಲಾಯಿಸುವುದಿಲ್ಲ, ಮೊಹರಾದ ಇಡೀ ಪೆಟ್ಟಿಗೆಯನ್ನೇ ತೆಗೆದು ಹೊಸದನ್ನು ಇರಿಸುತ್ತಾರೆ. ತಂತಿಯ ಸುತ್ತಲಾದರೋ ಅಷ್ಟರೊಳಗೆ ಊತಕ ಬೆಳೆದು ಅಂಟಿಕೊಂಡಿರುವುದರಿಂದ ಅದನ್ನು ಕೀಳುವುದು ಅಪಾಯದ ಕೆಲಸ. ಕೆಟ್ಟಿಲ್ಲದಿದ್ದರೆ ಅದನ್ನು ಹಾಗೆಯೇ ಬಿಟ್ಟು ಹೊಸ ಪೆಟ್ಟಿಗೆಗೆ ಕೂಡಿಸುತ್ತಾರೆ. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್‌ನಲ್ಲಿ, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಮಾಡಿದ ಯಂತ್ರವನ್ನು ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅವರ ಕೈಯಿಂದ ದೇಹದೊಳಗೆ ಇರಿಸಿಕೊಂಡ ಮೊದಲ ವ್ಯಕ್ತಿ ಆರ್ನೆ ಲಾರ್ಸನ್, 2001ರಲ್ಲಿ 86ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಒಟ್ಟು 26 ಪೇಸ್‌ಮೇಕರ್‌ಗಳನ್ನು ಕಂಡಿದ್ದರು. ಆ ಮೊದಲನೆಯದು ಕೆಲವು ಗಂಟೆಗಳಷ್ಟೇ ನಡೆಯಿತು. ಪೆಟ್ಟಿಗೆ ಬದಲಾಗುತ್ತಲೇ ಇರುವ ವಸ್ತು ಎನ್ನುವುದಕ್ಕೆ ಇಷ್ಟು ಸಾಕು.

ಹಾಗಾದರೆ ನಮಗೆ ಬೇಕಾದ ಪದ ಎರಡು ಗುಣಗಳನ್ನು ಒಟ್ಟಿಗೆ ಹೊರಬೇಕು: ಬಿಡಿಸಬೇಕೆಂದಾಗ ಬಿಡಬೇಕು, ಅಲ್ಲಿಯವರೆಗೆ ಉಪ್ಪುನೀರಿನಂಥ ಮೈಯೊಳಗೆ ಹನಿ ತೇವವನ್ನೂ ಒಳಗೆ ಬಿಟ್ಟುಕೊಳ್ಳಬಾರದು. ಅರಸೀಕೆರೆಯ ಕಡೆಯ ಬೋರ್‌ವೆಲ್ ಮೆಕ್ಯಾನಿಕ್‌ಗಳಿಗೆ ಎರಡನೆಯ ಗುಣ ಚೆನ್ನಾಗಿ ಗೊತ್ತು. ಸಬ್‌ಮರ್ಸಿಬಲ್ ಮೋಟಾರ್ ಸುಟ್ಟು ಮೇಲೆ ಬಂದಾಗ ಅವರು ಮೊದಲು ನೋಡುವುದು ಕೇಬಲ್ಲಿನ ಜಾಯಿಂಟ್ ‘ನೀರು ಕುಡಿದಿದೆಯೇ’ ಎಂಬುದನ್ನು. ಆದರೆ ಆ ಜಾಯಿಂಟ್ ಬಿಚ್ಚಲು ಮಾಡಿದ್ದಲ್ಲ, ಬೇಕಾದರೆ ಕತ್ತರಿಸಬೇಕು. ಎರಡೂ ಗುಣ ಒಟ್ಟಿಗೆ ಇರುವುದು ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳಲ್ಲಿ ಹೂಮಳೆ ಕೈಕೊಟ್ಟಾಗ ಹಾಕುವ ಸ್ಪ್ರಿಂಕ್ಲರ್ ಪೈಪುಗಳಲ್ಲಿ: ಒಂದು ಪಟ್ಟೆಯಿಂದ ಇನ್ನೊಂದಕ್ಕೆ ಒಯ್ಯುವಾಗ ಕೈಯಲ್ಲೇ ಬಿಡಿಸಬಹುದು, ಕೂಡಿಸಿದ ಮೇಲೆ ಒಳಗಿನ ರಬ್ಬರ್ ರಿಂಗ್ ಒತ್ತಡದ ನೀರನ್ನು ಸೋರಗೊಡುವುದಿಲ್ಲ. ನೀರು ಹೊರಗೆ ಬಾರದಂತೆ ಅಲ್ಲಿ, ಒಳಗೆ ಹೋಗದಂತೆ ಇಲ್ಲಿ, ವ್ಯತ್ಯಾಸ ಇಷ್ಟೇ. ಅಲ್ಲಿಂದಲೇ ಪದ ಎರವಲು ತರೋಣವೆಂದರೆ ತೋಟದವರು ಹೇಳುವುದು ‘ಕಪ್ಲಿಂಗ್’ ಎಂದು.

ಇನ್ನು ಒಂದೊಂದಾಗಿ ಪದಗಳನ್ನು ನೋಡೋಣ. ‘ಸಂಪರ್ಕಕ’ವನ್ನು ನಾನು ಒಪ್ಪುವುದಿಲ್ಲ. ಸ್ಟಾರ್ಟರ್ ಪೆಟ್ಟಿಗೆಯೊಳಗೆ ಟಪ್ಪೆಂದು ಕೂರುವ ಕಾಂಟ್ಯಾಕ್ಟರನ್ನು ತರಗತಿಯಲ್ಲಿ ಈ ಪದದಿಂದಲೇ ಕಲಿಸಿದವನು ನಾನು. ಅಲ್ಲದೆ ಕನೆಕ್ಟರಿನೊಳಗೆ ಲೋಹಕ್ಕೆ ಲೋಹ ತಾಗುವ ಜಾಗವನ್ನು ‘ಸಂಪರ್ಕ’ ಎಂದು ಬೇರೆಯಾಗಿ ಹೇಳಬೇಕಾಗುತ್ತದೆ. ‘ಬೆಸುಗೆ’ ಅರ್ಥಕ್ಕೆ ನೇರ ವಿರುದ್ಧ, ಏಕೆಂದರೆ ಬೆಸೆದದ್ದು ಬಿಡುವುದಿಲ್ಲ. ‘ಕೀಲು’ ಸುಂದರವಾದ ಪದವೇ, ಆದರೆ ಆಸ್ಪತ್ರೆಯ ಆವರಣದಲ್ಲಿ ಅದು ಮಂಡಿನೋವಿನವರ ಸೊತ್ತು. ‘ಕೂಡಿಕೆ’ ಎಂಬ ಸಲಹೆಯನ್ನು ಸ್ನೇಹಿತರು ಕೊಟ್ಟಾಗ ನಾನು ನಕ್ಕೆ. ಹಳ್ಳಿಗಳ ಹಿರಿಯರಿಗೆ ಕೂಡಿಕೆ ಎಂದರೆ ಗಂಡ ಸತ್ತವಳು ಮತ್ತೆ ಮದುವೆಯಾಗುವುದು. ಹಳೆಯ ತಂತಿಗೆ ಹೊಸ ಪೆಟ್ಟಿಗೆ ಕೂಡಿಸುವುದು ಒಂದು ಬಗೆಯ ಕೂಡಿಕೆಯೇ ಎಂದು ಅವರು ವಾದಿಸಿದರು. ವಾದದಲ್ಲಿ ಹುರುಳಿದೆ, ಆದರೂ ಕೈಪಿಡಿಗೆ ಆಗದು.

‘ಕೊಂಡಿ’ಯ ಹೆಚ್ಚುಗಾರಿಕೆ ಇರುವುದು ಇಲ್ಲೇ. ಸರದ ಕೊಂಡಿ, ಬಾಗಿಲ ಕೊಂಡಿ, ರೈಲು ಬೋಗಿಗಳ ಕೊಂಡಿ, ಎಲ್ಲವೂ ಹಿಡಿದಿರುವ ತನಕ ಬಲವಾಗಿ ಹಿಡಿದಿದ್ದು, ಬಿಡಿಸಬೇಕೆಂದಾಗ ಬಿಡುವಂಥವು. ಚೇಳಿನ ಕೊಂಡಿಯೂ ಇದೆಯಲ್ಲ ಎಂದು ಹೇಳುವವರಿದ್ದಾರೆ. ಅಗತ್ಯ ಬಿದ್ದಾಗ ಏಳು ಎಂಟುನೂರು ವೋಲ್ಟ್‌ಗಳ ಹೊಡೆತ ಕೊಡುವ ಡಿಫಿಬ್ರಿಲೇಟರ್ ವಿಷಯದಲ್ಲಿ ಆ ನೆನಪು ತೀರ ಅಸಂಗತವೂ ಅಲ್ಲ. ಅದನ್ನು ನಾನು ಆಕ್ಷೇಪಣೆಯೆಂದು ಎಣಿಸುವುದಿಲ್ಲ. ನನ್ನ ತಕರಾರು ನಾಮಪದದ ಮೇಲಲ್ಲ, ಅದರ ಪಕ್ಕದಲ್ಲಿ ತಾನಾಗಿ ಬಂದು ಕೂರುವ ಕ್ರಿಯಾಪದದ ಮೇಲೆ.

ಇಲ್ಲಿ ವಸ್ತುವಿನ ನಡತೆಯೇ ಒಂದು ದಾರಿ ತೋರಿಸುತ್ತದೆ. ಕನೆಕ್ಟರಿನಲ್ಲಿ ಆಗುವ ತೊಂದರೆ ಬಹುಮಟ್ಟಿಗೆ ‘ಕಳಚುವುದು’ ಅಲ್ಲವೇ ಅಲ್ಲ. ಕಡ್ಡಿ ಪೂರ್ತಿ ಒಳಗೆ ಹೋಗದೆ ಅರ್ಧಕ್ಕೆ ನಿಂತಿರುತ್ತದೆ, ಅಥವಾ ಸ್ಕ್ರೂ ಸಾಕಷ್ಟು ಬಿಗಿದಿರುವುದಿಲ್ಲ. ಆಗ ಸಾಮಾನ್ಯವಾಗಿ ಕೆಲವು ನೂರು ಓಮ್‌ನಿಂದ ಸಾವಿರದ ಆಸುಪಾಸಿನಲ್ಲಿರುವ ತಂತಿಯ ಪ್ರತಿರೋಧ ಒಮ್ಮೆಲೇ ಏರುತ್ತದೆ, ಮತ್ತೊಮ್ಮೆ ಇಳಿಯುತ್ತದೆ. ಯಂತ್ರಕ್ಕೆ ಇಲ್ಲದ ಮಿಡಿತಗಳು ಕೇಳಿಸಿದಂತಾಗುತ್ತವೆ. ಹೊರಗಿನಿಂದ ನೋಡಿದರೆ ಇದು ತಂತಿಯೇ ಮುರಿದಂತೆ ಕಾಣುವುದರಿಂದ, ವೈದ್ಯರು ತಂತಿಯನ್ನು ದೂರುವ ಮೊದಲು ಎಕ್ಸ್‌ರೇಯಲ್ಲಿ ಕಡ್ಡಿಯ ತುದಿ ಸ್ಕ್ರೂವನ್ನು ದಾಟಿ ಆಚೆ ಇಣುಕಿದೆಯೇ ಎಂದು ನೋಡುತ್ತಾರೆ. ಇದಕ್ಕೆ ಸರಿಯಾದ ಕನ್ನಡ ‘ಸಡಿಲ’ ಎಂಬುದು. ಊರಿನ ಎಲೆಕ್ಟ್ರಿಷಿಯನ್ ‘ಲೂಸ್ ಕನೆಕ್ಷನ್’ ಎನ್ನುವುದೂ ಇದನ್ನೇ. ಆದ್ದರಿಂದ ದೋಷವನ್ನು ಹೇಳುವಾಗ ‘ಕೊಂಡಿ ಸಡಿಲವಾದರೆ’ ಎಂದೂ, ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಬೇಕೆಂದೇ ಮಾಡುವ ಕೆಲಸಕ್ಕೆ ‘ಕೊಂಡಿ ಬಿಡಿಸಿ’ ಎಂದೂ ಬರೆದರೆ, ‘ಕಳಚು’ವನ್ನು ಇಡೀ ಕೈಪಿಡಿಯಿಂದ ಹೊರಗಿಡಬಹುದು ಎಂಬುದು ನನ್ನ ಈಗಿನ ಎಣಿಕೆ.

ಸ್ಕ್ರೂವಿಗೆ ನನಗೆ ಹೆಚ್ಚು ತಡಕಾಡಬೇಕಾಗಲಿಲ್ಲ. ಕಿವಿಯೋಲೆಯ ಹಿಂದಿನ ‘ತಿರುಪು’ ನಮ್ಮ ಹೆಂಗಸರಿಗೆಲ್ಲ ಗೊತ್ತು: ಅಷ್ಟೇ ಚಿಕ್ಕದು, ಅಷ್ಟೇ ಮುಖ್ಯವಾದದ್ದು, ಸಡಿಲವಾದರೆ ಓಲೆಯೇ ಹೋಗುವಂಥದು. (‘ತಿರುಪೆ’ ಎಂದು ಅಚ್ಚಾಗದಂತೆ ಕರಡು ತಿದ್ದುವವರು ಎಚ್ಚರವಹಿಸಬೇಕು.) ವೀಣೆಯ ‘ಬಿರಡೆ’ಯೂ ಮನಸ್ಸಿಗೆ ಬಂದಿತ್ತು, ಏಕೆಂದರೆ ಇಲ್ಲಿನ ತಿರುಪನ್ನು ಬಿಗಿಯುವ ಕೀಲಿಯೂ ಹದ ನೋಡಿಯೇ ನಿಲ್ಲುವಂಥದು, ಗೊತ್ತುಪಡಿಸಿದ ಬಿಗಿತ ಮುಟ್ಟಿದೊಡನೆ ಟಿಕ್ ಎಂದು ಸದ್ದು ಮಾಡಿ ಜಾರುತ್ತದೆ, ಮುಂದೆ ಎಷ್ಟು ತಿರುಗಿಸಿದರೂ ತಿರುಪಿಗೆ ಬಲ ಬೀಳುವುದಿಲ್ಲ. ಬಳಿಕ ವೈದ್ಯರು ತಂತಿಯನ್ನು ಮೆಲ್ಲಗೆ ಒಮ್ಮೆ ಎಳೆದು ನೋಡುತ್ತಾರೆ. ಕೀಲಿ ಹೊಕ್ಕ ಜಾಗದ ಸಿಲಿಕೋನ್ ಪೊರೆ, ಸೂಜಿ ಹೊರತೆಗೆದ ಮೇಲೆ ಇಂಜೆಕ್ಷನ್ ಸೀಸೆಯ ರಬ್ಬರ್ ಮುಚ್ಚಿಕೊಳ್ಳುವಂತೆ ತಾನೇ ಮುಚ್ಚಿಕೊಳ್ಳುತ್ತದೆ.

ಸೀಸೆ ಎಂದಾಗ, ಈ ತಂತಿಗೆ ಇಂಗ್ಲಿಷಿನಲ್ಲಿ ಹೇಳುವ ‘ಲೀಡ್’ ನೆನಪಾಗುತ್ತದೆ. ಯಂತ್ರಾನುವಾದದಿಂದ ಹುಟ್ಟಿದ ಮೊದಲ ಕರಡಿನಲ್ಲಿ ‘ನಿಮ್ಮ ಹೃದಯದಲ್ಲಿ ಎರಡು ಸೀಸಗಳಿವೆ’ ಎಂದಿತ್ತು. ಇಂಗ್ಲಿಷಿನಲ್ಲಿ ಒಂದೇ ಕಾಗುಣಿತದ ಎರಡು ಪದಗಳು ಮಾಡಿದ ಅವಾಂತರ ಇದು. ನಿಜವಾಗಿ ಆ ತಂತಿಯಲ್ಲಿ ಸೀಸದ ಸೋಂಕೂ ಇಲ್ಲ. ನಿಕಲ್, ಕೋಬಾಲ್ಟ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಮಿಶ್ರಲೋಹದ ಸುರುಳಿಗೆ ಸಿಲಿಕೋನ್ ಅಥವಾ ಪಾಲಿಯುರೇಥೇನ್ ಹೊದಿಕೆ ಅಷ್ಟೇ. ‘ತಂತಿ’ ಸಾಕು. ಜನ ‘ವೈರು’ ಎನ್ನುತ್ತಾರೆ, ಅದೂ ಸರಿಯೇ. ಪೆಟ್ಟಿಗೆಯ ನೆತ್ತಿಯ ‘ಹೆಡರ್’ಗೆ ‘ತಲೆಭಾಗ’ ಎಂದಿದ್ದುದನ್ನು ಹೊಡೆದುಹಾಕಿದ್ದೇನೆ. ಪಾರ್ಕಿನ್ಸನ್ ಕಾಯಿಲೆಗೆ ಮಿದುಳಿನೊಳಗೆ ತಂತಿ ಇರಿಸುವವರಲ್ಲಿ ಕಿವಿಯ ಹಿಂದೆ ನಿಜವಾದ ತಲೆಯಲ್ಲೇ ಒಂದು ಕನೆಕ್ಟರ್ ಇರುತ್ತದೆ, ಎದೆಯ ಪೆಟ್ಟಿಗೆಯ ‘ತಲೆ’ಯಲ್ಲಿ ಇನ್ನೊಂದು. ಗೊಂದಲಕ್ಕೆ ಬೇರೆ ದಾರಿಯೇ ಬೇಡ. ತೂತಿಗೆ, ಚೌಕಾಬಾರದ ಮನೆಯನ್ನು ನೆನೆದು, ‘ಮನೆ’ ಎಂದು ಬರೆದಿದ್ದೇನೆ: ‘ತಂತಿಯ ಕಡ್ಡಿಯನ್ನು ಅದರ ಮನೆಯಲ್ಲಿ ಕೂರಿಸಿ’.

ಕನೆಕ್ಟರಿನ ಅಳತೆಯ ಹೆಸರುಗಳನ್ನು ಮಾತ್ರ ಅನುವಾದಿಸುವ ಗೋಜಿಗೆ ಹೋಗಬಾರದು. ಒಂದು ಕಾಲದಲ್ಲಿ ಕಂಪನಿಗೊಂದು ಅಳತೆಯಿತ್ತು. 5, 6 ಮಿಲಿಮೀಟರ್ ದಪ್ಪದವೂ ಇದ್ದವು, 3.2ರವೂ ಇದ್ದವು. ಒಬ್ಬರ ತಂತಿ ಇನ್ನೊಬ್ಬರ ಪೆಟ್ಟಿಗೆಗೆ ಹೊಂದದೆ ನಡುವೆ ಅಡಾಪ್ಟರ್ ತುರುಕಬೇಕಾಗುತ್ತಿತ್ತು. 3.2 ಮಿಲಿಮೀಟರಿನ, ಎಲ್ಲ ಕಂಪನಿಗಳಿಗೂ ಒಂದೇ ಆದ ಐಎಸ್-1 ಎಂಬ ಅಳತೆ ಬಂದು ಈ ರಗಳೆ ಬಹುಮಟ್ಟಿಗೆ ತಪ್ಪಿತು. ಅದು 1992ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು, ಹೊಡೆತ ಕೊಡುವ ತಂತಿಗಳ ಡಿಎಫ್-1 ಮರುವರ್ಷ ಬಂತು. ಆಗಿನ ಡಿಫಿಬ್ರಿಲೇಟರ್ ತಂತಿ ತುದಿಯಲ್ಲಿ ಎರಡು ಮೂರು ಕವಲಾಗಿ ಒಡೆಯುತ್ತಿತ್ತು, ಒಂದರ ಮನೆಗೆ ಇನ್ನೊಂದನ್ನು ಹಾಕುವ ತಪ್ಪಿಗೆ ಅವಕಾಶವಿತ್ತು. 2010ರ ಮಾನಕದ ಡಿಎಫ್4, ಐಎಸ್4ಗಳಲ್ಲಿ ಒಂದೇ ಕಡ್ಡಿಯ ಮೇಲೆ ನಾಲ್ಕು ಸಂಪರ್ಕಗಳು ಸಾಲಾಗಿ ಕೂರುತ್ತವೆ. ಇವು ರೋಗಿಯ ಗುರುತಿನ ಚೀಟಿಯಲ್ಲಿ, ಬೇರೆ ಊರಿನ ವೈದ್ಯರ ಕಣ್ಣಿಗೆ ಬೀಳಬೇಕಾದ ಹೆಸರುಗಳು. ಕನ್ನಡ ಲಿಪಿಯಲ್ಲಿ ಹಾಗೆಯೇ ಇರಲಿ.

‘ಇಂಪ್ಲಾಂಟ್’ ಬಗ್ಗೆಯೂ ಒಂದು ಮಾತು. ಪತ್ರಿಕೆಗಳು ‘ಪೇಸ್‌ಮೇಕರ್ ಕಸಿ’ ಎಂದು ಬರೆಯುವುದನ್ನು ಕಂಡಿದ್ದೇನೆ. ಕಸಿ ಎಂದರೆ ಜೀವವಿರುವುದನ್ನು ಜೀವವಿರುವುದಕ್ಕೆ ಕಟ್ಟಿ, ಎರಡೂ ಒಂದಾಗಿ ಬೆಳೆಯುವಂತೆ ಮಾಡುವುದು. ಮೂತ್ರಪಿಂಡಕ್ಕೆ ಅದು ಸಲ್ಲುತ್ತದೆ, ಟೈಟಾನಿಯಂ ಪೆಟ್ಟಿಗೆಗೆ ಸಲ್ಲದು. ನಾನು ‘ಇರಿಸು’ ಎಂಬ ಸರಳ ಕ್ರಿಯಾಪದವನ್ನೇ ಬಳಸಿದ್ದೇನೆ.

ಈಗ ನನ್ನ ಪ್ರಶ್ನೆಗಳು. ‘ಕಳಚು’ವನ್ನು ದೂರವಿಟ್ಟು ‘ಸಡಿಲವಾಗು’, ‘ಬಿಡಿಸು’ಗಳ ಜೊತೆ ಬಳಸಿದರೆ ‘ಕೊಂಡಿ’ ಎಂಬ ಪದ ನಿಮ್ಮ ಕಿವಿಗೆ ನಿರಪಾಯವಾಗಿ ಕೇಳುತ್ತದೆಯೇ, ಅಥವಾ ಆ ಅಪಶಕುನ ಪದಕ್ಕೇ ಅಂಟಿಕೊಂಡಿದೆಯೇ? ನಮ್ಮ ಕಡೆ ಹೊಲಿಗೆಯೂ ವೈರೂ ‘ಬಿಟ್ಟುಕೊಂಡಿದೆ’ ಎನ್ನುತ್ತಾರೆ. ಚಿಕ್ಕಮಗಳೂರು, ಕೊಪ್ಪ, ಶೃಂಗೇರಿಯ ಕಡೆಯೂ ಈ ಬಳಕೆ ಇದ್ದರೆ ‘ಸಡಿಲ’ಕ್ಕಿಂತ ಅದೇ ಮೇಲೇ? ಆಭರಣದ ಕೆಲಸ, ಮಗ್ಗದ ಕೆಲಸ ಅಥವಾ ಗಾಡಿಯ ಕೆಲಸ ಬಲ್ಲವರ ಬಾಯಲ್ಲಿ, ಬಿಡಿಸಲು ಬರುವ ಆದರೆ ತಾನಾಗಿ ಬಿಡದ ಜೋಡಣೆಗೆ ‘ಕೊಂಡಿ’ಯಲ್ಲದ ಬೇರೆ ಪದವನ್ನು ಕೇಳಿದವರಿದ್ದರೆ, ಅದು ಯಾವ ಊರಿನ ಮಾತೆಂಬುದರ ಸಹಿತ ದಯವಿಟ್ಟು ತಿಳಿಸಿ.